ಬತ್ತಿಯೂ ಗಾಜೂ

ಜೀರ್ಣೋದ್ಧಾರವೆಂಬ ಮಾತಿಗೆ ನಮ್ಮ ಜನದಲ್ಲಿ ಬಹಳ ಗೌರವವುಂಟು. ಹೊಸದಾಗಿ ಒಂದು ದೇವಾಲಯವನ್ನು ಕಟ್ಟಿಸುವುದಕ್ಕಿಂತ ಶಿಥಿಲವಾದುದನ್ನು ಎತ್ತಿ ನಿಲ್ಲಿಸುವುದು ಹೆಚ್ಚಿನ ಪುಣ್ಯವೆಂದು ಹಿರಿಯರು ಹೇಳುತ್ತಿದ್ದರು. ಕೆರೆಯ ಏರಿಯನ್ನು ಸರಿಪಡಿಸಿದವರ, ತೂಬನ್ನು ಕಟ್ಟಿಸಿದವರ, ಬಿದ್ದ ಗುಡಿಯನ್ನು ಎತ್ತಿಸಿದವರ ಹೆಸರುಗಳು ನಮ್ಮ ನಾಡಿನ ಶಾಸನಗಳಲ್ಲಿ ಬೇಕಾದಷ್ಟಿವೆ. ಆದರೆ ಈ ಗೌರವವು ಕಲ್ಲಿಗೂ ಕೆರೆಗೂ ಮಾತ್ರ ಮೀಸಲಾಗಿದೆಯೆಂದು ತೋರುತ್ತದೆ. ಮನೆಯೊಳಗಿನ ಪದಾರ್ಥಗಳ ವಿಷಯದಲ್ಲಿ ನಾವು ಈಚೆಗೆ ಬೇರೊಂದು ಮತವನ್ನು ಹಿಡಿದಿದ್ದೇವೆ. ಒಂದು ವಸ್ತು ಸ್ವಲ್ಪ ಮಂಕಾದರೆ ಅದಕ್ಕೆ ಆಯುಸ್ಸು ತೀರಿತೆಂದು ನಿರ್ಣಯಿಸಿ, ಗುಜರಿಯವನ ಕೂಗಿಗಾಗಿ ಕಿವಿಗೊಟ್ಟು ಕುಳಿತಿರುತ್ತೇವೆ. ಮಂಕಾದದ್ದೇಕೆ ಎಂದು ಕೇಳುವುದಕ್ಕೆ ನಮಗೆ ಪುರಸೊತ್ತಿಲ್ಲ.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟ ಒಂದು ಟೆಲಿವಿಷನ್ ಪೆಟ್ಟಿಗೆಗೆ ಅದರ ಬೆಳಕನ್ನು ಮರಳಿ ತಂದುಕೊಟ್ಟ ವೃತ್ತಾಂತ. ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಇಂಥ ಲೌಕಿಕ ವಿಷಯಕ್ಕೆ ಎಡೆಯುಂಟೆ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಕಾವ್ಯನಾಟಕಗಳ ವಿಮರ್ಶೆಯನ್ನು ಬರೆಯಬೇಕಾದ ಹಳೆಯ ಪಾಠಶಾಲೆಯ ಮನುಷ್ಯನಿಗೆ ಈ ವಿದ್ಯುದ್ಯಂತ್ರದ ಗೊಡವೆ ಏತಕ್ಕೆ ಎಂದು ಮಿತ್ರರೊಬ್ಬರು ಕೇಳಿಯೂ ಇದ್ದಾರೆ. ಅವರಿಗೆ ನನ್ನ ಉತ್ತರವಿಷ್ಟೆ: ಈ ಯಂತ್ರದ ಮಂಕು ನಮ್ಮ ಮನೆಯಲ್ಲಿ ಒಬ್ಬ ಮುದುಕಿಗೆ ತನ್ನ ಕಣ್ಣಿನ ಮೇಲಿದ್ದ ವಿಶ್ವಾಸವನ್ನೇ ಕಳೆದಿದ್ದಿತು. ಆದಕಾರಣ ವಿಷಯವು ಅಷ್ಟು ಸಣ್ಣದಲ್ಲ.

ನಮ್ಮ ವಾಸ ಬೆಳ್ಳಂದೂರಿನಲ್ಲಿ. ಊರೆಂದು ಹೇಳುವುದು ಅಭ್ಯಾಸಬಲದಿಂದ. ೨೦೦೭ರಲ್ಲಿ ಅದು ಬೆಂಗಳೂರು ಮಹಾನಗರದೊಳಗೆ ಸೇರಿಹೋಯಿತು. ರಾಗಿಯ ಹೊಲಗಳಿದ್ದ ಕಡೆ ಈಗ ಗಾಜಿನ ಗೋಡೆಯ ಸೌಧಗಳು ನಿಂತಿವೆ. ಅಂಥದೊಂದು ಸೌಧದಲ್ಲಿ ನನ್ನ ಮಗನಿಗೆ ಉದ್ಯೋಗ. ಟೆಲಿವಿಷನ್ನನ್ನು ೨೦೦೪ರಲ್ಲಿ ನನ್ನ ತಮ್ಮನು ಕೊಂಡು ತಂದನು; ಅವನು ಊರು ಬಿಟ್ಟಾಗ ಅದು ನಮ್ಮ ನಡುಮನೆಯಲ್ಲಿ ಉಳಿಯಿತು. ಪರದೆಯ ಕರ್ಣದ ಅಳತೆ ೪೩ ಅಂಗುಲ. ನಿಲ್ಲಿಸಿದರೆ ಚಿಕ್ಕ ಬೀರುವಿನಷ್ಟು ಎತ್ತರ, ಇಬ್ಬರು ಹೊರುವಷ್ಟು ಭಾರ. ಆ ಕಾಲದಲ್ಲಿ ಅಂಗಡಿಯವರು ಇದನ್ನು ಪ್ರೊಜೆಕ್ಷನ್ ಟೀವಿ ಎಂದು ಕರೆದು, ಸಾಮಾನ್ಯ ಟೀವಿಗಳಿಂದ ಬೇರೆಯಾಗಿ ಒಂದು ಮೂಲೆಯಲ್ಲಿ ರಾಜಗಾಂಭೀರ್ಯದಿಂದ ನಿಲ್ಲಿಸಿರುತ್ತಿದ್ದರು.

ಟೆಲಿವಿಷನ್ನಿನೊಡನೆ ನಮ್ಮ ತಲೆಮಾರಿನವರ ಪರಿಚಯ ನಡುಹರೆಯದಲ್ಲಿ ಆದದ್ದು. ದೆಹಲಿಯಲ್ಲಿ ೧೯೫೯ರಲ್ಲಿಯೇ ಅದು ಪ್ರಯೋಗರೂಪದಲ್ಲಿ ಆರಂಭವಾಗಿದ್ದರೂ ಕನ್ನಡ ನಾಡಿಗೆ ಬಂದದ್ದು ನಿಧಾನವಾಗಿ. ೧೯೭೫ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಶಿಕ್ಷಣ ಕಾರ್ಯಕ್ರಮಗಳನ್ನು ಕಳುಹಿಸುವ ಪ್ರಯೋಗ ನಡೆದಾಗ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗರು ರಾಜಧಾನಿಯವರಿಗಿಂತ ಮುಂಚೆಯೇ ಅದನ್ನು ಕಂಡರು. ಬೆಂಗಳೂರಿಗೆ ದೂರದರ್ಶನ ಬಂದದ್ದು ೧೯೮೧ರಲ್ಲಿ. ಮರುವರ್ಷ ದೇಶಕ್ಕೆ ವರ್ಣಚಿತ್ರ ಬಂದಿತು. ಅಂದಿನಿಂದ ನಮ್ಮ ತಾಯಿಯವರು ಈ ಯಂತ್ರದ ಮುಂದೆ ಕುಳಿತವರು. ಅವರಿಗೆ ಈಗ ಎಂಬತ್ತಾರು ವರ್ಷ. ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ಕಾರ್ಯಕ್ರಮದಲ್ಲಿ ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಹೇಳುವುದು, ಹಳೆಯ ಚಲನಚಿತ್ರಗಳನ್ನು ನೋಡುವುದು, ವರ್ಷಕ್ಕೊಮ್ಮೆ ಮೈಸೂರಿನ ಜಂಬೂಸವಾರಿಯನ್ನು ಮೊದಲಿನಿಂದ ಕೊನೆಯವರೆಗೆ ಎದ್ದೇಳದೆ ನೋಡುವುದು ಅವರ ನಿಯಮ. ಪರದೆ ದೊಡ್ಡದಾದುದರಿಂದ ಈ ಪೆಟ್ಟಿಗೆಯೇ ಅವರಿಗೆ ಹಿಡಿಸಿದ್ದು.

ಇದರ ಒಳಗಿನ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕಾಗಿದೆ. ಕಿಳ್ಳೇಕ್ಯಾತರ ತೊಗಲುಬೊಂಬೆಯಾಟವನ್ನು ಕಂಡವರಿಗೆ ಇದು ಕಷ್ಟವಲ್ಲ. ಆ ಆಟದಲ್ಲಿ ಬಿಳಿಯ ಪರದೆಯ ಹಿಂದೆ ದೀಪ. ದೀಪಕ್ಕೂ ಪರದೆಗೂ ನಡುವೆ ಬಣ್ಣ ಹಾಕಿದ ತೊಗಲಿನ ಬೊಂಬೆ. ಪ್ರೇಕ್ಷಕರು ಪರದೆಯ ಈಚೆ. ಬೆಳಕು ಹಿಂದಿನಿಂದ ಬಂದು, ತೊಗಲನ್ನು ಹಾದು, ಪರದೆಯ ಮೇಲೆ ಬಣ್ಣದ ರಾವಣನಾಗಿ ಕಾಣುತ್ತದೆ. ನಮ್ಮ ಪೆಟ್ಟಿಗೆಯಲ್ಲಿಯೂ ಆಟ ನಡೆಯುವುದು ಪರದೆಯ ಹಿಂದೆ. ಕೆಳಭಾಗದಲ್ಲಿ ಏಳೇಳು ಅಂಗುಲದ ಮೂರು ಪಿಕ್ಚರ್ ಟ್ಯೂಬುಗಳಿವೆ: ಒಂದು ಕೆಂಪಿನದು, ಒಂದು ಹಸಿರಿನದು, ಒಂದು ನೀಲಿಯದು. ಪ್ರತಿಯೊಂದರ ಮುಂದೆಯೂ ಒಂದು ಲೆನ್ಸು. ಮೂರು ಚಿತ್ರಗಳೂ ಹಿಂಬದಿಯ ದೊಡ್ಡ ಕನ್ನಡಿಗೆ ತಾಗಿ, ಅಲ್ಲಿಂದ ತಿರುಗಿ ಪರದೆಯ ಹಿಂಬದಿಗೆ ಬಿದ್ದು, ಒಂದರ ಮೇಲೊಂದು ಕೂಡಿ ಒಂದೇ ಚಿತ್ರವಾಗುತ್ತವೆ. ಏಳು ಅಂಗುಲದ್ದು ನಲವತ್ತಮೂರಕ್ಕೆ ಹಿಗ್ಗುವಾಗ ಉದ್ದದಲ್ಲಿ ಆರು ಮಡಿಯಾದರೆ ಹರವಿನಲ್ಲಿ ೩೬ ಮಡಿಗೂ ಮಿಗಿಲಾಗುತ್ತದೆ. ಅಂದಮೇಲೆ ಒಂದು ಅಂಗೈಯಗಲದ ಬೆಳಕನ್ನು ಒಂದು ಚಾಪೆಯಗಲಕ್ಕೆ ಹರಡಬೇಕಾಗಿದೆ. ಟ್ಯೂಬುಗಳು ಬಹಳ ತೀಕ್ಷ್ಣವಾಗಿ ಉರಿಯಬೇಕು. ಅದರಿಂದ ಬಹಳ ಕಾಯುತ್ತವೆ. ಕಾವನ್ನು ತಗ್ಗಿಸುವುದಕ್ಕಾಗಿ ಟ್ಯೂಬಿನ ಮುಖಕ್ಕೂ ಲೆನ್ಸಿಗೂ ನಡುವೆ ನೀರಿನಷ್ಟು ತಿಳಿಯಾದ ಒಂದು ದ್ರವವನ್ನು ತುಂಬಿ ಮುಚ್ಚಿರುತ್ತಾರೆ. ಇದಕ್ಕೆ ಮೆಕ್ಯಾನಿಕ್‌ಗಳು ಕೂಲೆಂಟ್ ಎನ್ನುತ್ತಾರೆ. ಗಾಜಿನಿಂದ ಗಾಜಿಗೆ ಬೆಳಕು ಚದರದೆ ದಾಟುವಂತೆ ಮಾಡುವುದೂ ಇದರ ಕೆಲಸವೇ. ಈ ದ್ರವವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬಿನ್ನವಿಸುತ್ತೇನೆ.

ಹೋದ ದಸರೆಯ ದಿನ ಜಂಬೂಸವಾರಿ ನಡೆಯುತ್ತಿದ್ದಿತು. ಏಳುನೂರೈವತ್ತು ಕಿಲೋ ತೂಕದ ಅಂಬಾರಿಯನ್ನು ಹೊತ್ತು ಆನೆ ಅರಮನೆಯ ಮುಂದೆ ಬಂದಿತು. ಅಮ್ಮ ಮುಂದಕ್ಕೆ ಬಾಗಿ ನೋಡಿ, “ಏನೋ ಇದು, ಅಂಬಾರಿಗೆ ಕಿಲುಬು ಹಿಡಿದಿದೆಯಲ್ಲೋ! ಅಷ್ಟು ಜನ ಇದ್ದಾರೆ, ಒಬ್ಬರಾದರೂ ಹುಣಸೆಹಣ್ಣು ಹಾಕಿ ತಿಕ್ಕಬಾರದೆ?” ಎಂದರು. ಮನೆಯವರೆಲ್ಲರೂ ನಕ್ಕರು. ಬಂಗಾರಕ್ಕೆ ಕಿಲುಬು ಹಿಡಿಯುವುದುಂಟೆ? ಮೊಮ್ಮಗನು, “ಮುತ್ತಜ್ಜಿಗೆ ಮತ್ತೆ ಪೊರೆ ಬಂದಿರಬೇಕು” ಎಂದನು. ನನ್ನ ಹೆಂಡತಿಯೂ ಅತ್ತೆಯವರ ಕಣ್ಣು ಹೋದ ವರ್ಷದಂತಿಲ್ಲವೆಂದಳು. ಮಗನು, ಅಜ್ಜಿಯನ್ನು ಕಣ್ಣಿನ ವೈದ್ಯರಿಗೆ ತೋರಿಸಿ ಆಮೇಲೆ ಒಂದು ಹೊಸ ಟೀವಿಯನ್ನೂ ತರಿಸಿಬಿಡೋಣವೆಂದನು. ಅಮ್ಮ ಮಾತನಾಡಲಿಲ್ಲ.

ಅಂದಿನಿಂದ ಅವರ ನಡವಳಿಕೆಯಲ್ಲಿ ಒಂದು ಬದಲಾವಣೆ ಕಾಣಿಸಿತು. ಪ್ರತಿದಿನವೂ ಸಂಜೆ ಮಲ್ಲಿಗೆಯ ಮೊಗ್ಗನ್ನು ಬಾಳೆಯ ನಾರಿನಲ್ಲಿ ತಾವೇ ಕಟ್ಟುತ್ತಿದ್ದವರು, “ನನಗೆ ಕಾಣುವುದಿಲ್ಲ, ಅಂಗಡಿಯಿಂದ ತಂದುಬಿಡಿ” ಎನ್ನತೊಡಗಿದರು. ಮೊರದಲ್ಲಿ ಅಕ್ಕಿ ಆರಿಸುವುದನ್ನು ಬಿಟ್ಟರು. ಬಾಗಿಲ ಮುಂದಿನ ರಂಗೋಲಿ ಸೊಸೆಗೆ ವರ್ಗವಾಯಿತು. ಟೀವಿಯ ಮುಂದೆ ಕುಳಿತರೂ ಕಣ್ಣುಮುಚ್ಚಿ ಕೇಳುತ್ತಿದ್ದರೇ ಹೊರತು ನೋಡುತ್ತಿರಲಿಲ್ಲ. ಕಣ್ಣು ಹೋಗುವುದು ಒಂದು ದುಃಖವಾದರೆ, ಕಣ್ಣಿದ್ದೂ ಅದನ್ನು ನಂಬದಿರುವುದು ಅದಕ್ಕಿಂತ ಹೆಚ್ಚಿನ ದುಃಖ. ನಾಲ್ಕು ಜನ ಸೇರಿ ನಿನಗೆ ಕಾಣುವುದಿಲ್ಲವೆಂದು ಹೇಳಿದರೆ ವೃದ್ಧರು ವಾದಿಸುವುದಿಲ್ಲ. ಒಪ್ಪಿಕೊಂಡು ಒಂದೊಂದೇ ಕೆಲಸದಿಂದ ಕೈ ಹಿಂದೆಗೆಯುತ್ತಾರೆ.

ನಾನು ಚಾಮರಾಜಪೇಟೆಯ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮಗೆ ತರ್ಕವನ್ನು ಪಾಠ ಹೇಳುತ್ತಿದ್ದ ಗುರುಗಳು ಅನ್ವಯ-ವ್ಯತಿರೇಕಗಳನ್ನು ಹೊಗೆಬೆಂಕಿಗಳಿಂದಲೇ ತಿಳಿಸಿ ತೃಪ್ತರಾಗುತ್ತಿರಲಿಲ್ಲ. ಅಡಿಗೆಮನೆಯ ಉಪ್ಪುಹುಳಿಗಳಿಗೂ ಅನ್ವಯಿಸಿ ತೋರಿಸುತ್ತಿದ್ದರು. ಯಾವುದಿದ್ದರೆ ಯಾವುದು ಇರುವುದೋ ಅದು ಅನ್ವಯ. ಯಾವುದಿಲ್ಲದಿದ್ದರೆ ಯಾವುದು ಇಲ್ಲವೋ ಅದು ವ್ಯತಿರೇಕ. ಎರಡೂ ಕೂಡಿದಲ್ಲಿ ಕಾರಣವು ಸಿಕ್ಕಿತೆಂದು ತಿಳಿಯತಕ್ಕದ್ದು. ಮನೆಯವರ ಅಭಿಪ್ರಾಯ ಏನೇ ಇರಲಿ, ಪರೀಕ್ಷೆಯಿಲ್ಲದೆ ಒಂದು ಕಣ್ಣನ್ನು ದೋಷಿಯೆಂದು ಹೇಳುವುದು ನನಗೆ ಸಮ್ಮತವಾಗಲಿಲ್ಲ. ಅಮ್ಮನ ಕೈಯ ಬಳೆಯನ್ನೇ ತೋರಿಸಿ ಬಣ್ಣವೇನೆಂದು ಕೇಳಿದೆ. “ಬಂಗಾರದ ಬಣ್ಣ ಬಂಗಾರದ ಹಾಗೆಯೇ ಇದೆ ಕಣೋ, ಇನ್ನೇನು?” ಎಂದರು. ಪಕ್ಕದ ಮನೆಯವರ ಟೀವಿಯಲ್ಲಿ ಅದೇ ಜಂಬೂಸವಾರಿಯ ಚಿತ್ರವನ್ನು ಹಾಕಿಸಿ ತೋರಿಸಿದೆ. ಅಂಬಾರಿ ಹಳದಿಯಾಗಿ ಹೊಳೆಯುತ್ತಿದೆಯೆಂದರು. ಕಣ್ಣು ಎಲ್ಲ ಕಡೆಯೂ ಅದೇ. ಕಿಲುಬು ಮಾತ್ರ ನಮ್ಮ ಪೆಟ್ಟಿಗೆಯೊಂದರಲ್ಲಿ. ಅಲ್ಲದೆ ಕಣ್ಣಿನ ಪೊರೆಯ ಲಕ್ಷಣವೇ ಬೇರೆ. ಅದು ನೋಟಕ್ಕೆ ಹಳದಿ ಛಾಯೆಯನ್ನು ಕೊಡುವುದೇ ಹೊರತು ಹಸಿರನ್ನಲ್ಲ. ಕಣ್ಣಿನ ವೈದ್ಯರೂ ಪರೀಕ್ಷಿಸಿ, ಹಿಂದೆ ಶಸ್ತ್ರಚಿಕಿತ್ಸೆ ಮಾಡಿಸಿ ಕೂರಿಸಿದ್ದ ಮಸೂರಗಳು ಸ್ವಚ್ಛವಾಗಿವೆಯೆಂದು ಹೇಳಿ ಕಳುಹಿಸಿದರು.

ಹಾಗಾದರೆ ಮನೆಯ ಉಳಿದವರಿಗೆ ಈ ದೋಷ ಏಕೆ ಕಾಣಲಿಲ್ಲ? ಮೊದಲನೆಯದಾಗಿ ಅವರು ಯಾರೂ ಅದನ್ನು ನೋಡುತ್ತಲೇ ಇರಲಿಲ್ಲ; ಒಬ್ಬೊಬ್ಬರ ಅಂಗೈಯಲ್ಲಿಯೂ ಒಂದೊಂದು ಮೊಬೈಲು ಇದೆ. ಎರಡನೆಯದಾಗಿ ಕ್ರಮಕ್ರಮವಾಗಿ ಆಗುವ ಹಾನಿಯನ್ನು ಕಣ್ಣು ಗುರುತಿಸದು. ಬೆಳಕು ಒಂದೇ ಸಲ ಅರ್ಧವಾದರೆ ಮಗುವೂ ಕೂಗುತ್ತದೆ. ಹತ್ತು ವರ್ಷದಲ್ಲಿ ಅರ್ಧವಾದರೆ ಎಲ್ಲರೂ ಅದಕ್ಕೆ ಒಗ್ಗಿಕೊಂಡಿರುತ್ತಾರೆ. ಮನೆಯ ಹುಡುಗರು ಚಿತ್ರ ಮಂಕಾದಂತೆಲ್ಲ ಕಾಂಟ್ರಾಸ್ಟ್ ಎಂಬ ಗುಂಡಿಯನ್ನು ಒತ್ತಿ ಒತ್ತಿ ಕಡೆಯ ಗೆರೆಯವರೆಗೆ ಏರಿಸಿದ್ದರು. ಅದಕ್ಕಿಂತ ಮುಂದೆ ಏರಿಸುವುದಕ್ಕೆ ಗೆರೆಯಿರಲಿಲ್ಲ.

ಇಲ್ಲಿ ನಮ್ಮ ಅಜ್ಜಿಯ ಲಾಟೀನಿನ ಮಾತನ್ನು ಹೇಳದೆ ವಿಧಿಯಿಲ್ಲ. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೂ ೧೯೦೫ರಲ್ಲಿ ಬೆಂಗಳೂರು ನಗರಕ್ಕೂ ಬಂದಿತಾದರೂ ನನ್ನ ಬಾಲ್ಯವೆಲ್ಲವೂ ಕಳೆದದ್ದು ಸೀಮೆಎಣ್ಣೆಯ ಬೆಳಕಿನಲ್ಲಿ. ಸಂಜೆ ಓದಲು ಕುಳಿತಾಗ ಲಾಟೀನು ಮಂಕಾದರೆ ಹುಡುಗರಾದ ನಾವು ತಿರುಗಣಿಯನ್ನು ತಿರುಗಿಸಿ ಬತ್ತಿಯನ್ನು ಏರಿಸುತ್ತಿದ್ದೆವು. ಕ್ಷಣಕಾಲ ಬೆಳಕು ಹೆಚ್ಚುತ್ತಿದ್ದಿತು. ಅನಂತರ ಉರಿ ಹೊಗೆಯಾಡಿ, ಗಾಜು ಇನ್ನಷ್ಟು ಕಪ್ಪಾಗಿ, ಮೊದಲಿಗಿಂತ ಹೆಚ್ಚು ಕತ್ತಲೆಯಾಗುತ್ತಿದ್ದಿತು. ಎಣ್ಣೆಯೂ ಬೇಗ ತೀರುತ್ತಿದ್ದಿತು. ಅಜ್ಜಿ ಬಂದು ಬತ್ತಿಯನ್ನು ಇಳಿಸಿ, ಗಾಜನ್ನು ತೆಗೆದು ಆರಲು ಬಿಟ್ಟು, ಒಲೆಯ ಬೂದಿಯನ್ನು ಹಳೆಯ ಪಂಚೆಯ ಚೂರಿನಲ್ಲಿ ಅದ್ದಿ ಒಳಗೂ ಹೊರಗೂ ಒರಸಿ ಮತ್ತೆ ಇಡುವರು. ಅದೇ ಎಣ್ಣೆ, ಅದೇ ಬತ್ತಿ. ಅಕ್ಷರಗಳು ಎದ್ದು ಕಾಣುತ್ತಿದ್ದವು. ಬೆಳಕು ಕುಂದಿದಾಗ ಉರಿ ಕುಂದಿತೋ ದಾರಿ ಮುಚ್ಚಿತೋ ಎಂದು ಕೇಳಬೇಕೆಂಬುದನ್ನು ನಾನು ಕಲಿತದ್ದು ಯಾವ ಶಾಸ್ತ್ರಗ್ರಂಥದಿಂದಲೂ ಅಲ್ಲ, ಆ ಬೂದಿಯ ಬಟ್ಟೆಯಿಂದ.

ಕಾಂಟ್ರಾಸ್ಟಿನ ಗುಂಡಿ ಒತ್ತುವುದು ಬತ್ತಿ ಏರಿಸುವುದಕ್ಕೆ ಸಮಾನ. ಟ್ಯೂಬಿನ ಒಳಮೈಗೆ ಬಳಿದಿರುವ ರಂಜಕದ ಲೇಪವು ಎಲೆಕ್ಟ್ರಾನುಗಳ ಹೊಡೆತದಿಂದ ಬೆಳಗುತ್ತದೆ. ಹೊಡೆತ ಹೆಚ್ಚಿದಷ್ಟೂ ಲೇಪವು ಬೇಗ ಸವೆಯುತ್ತದೆ. ಟೀವಿ ಮಂಕಾಗಿದೆಯೆಂದು ಕಾಂಟ್ರಾಸ್ಟ್ ಏರಿಸಿದವನು ನಾಳಿನ ಬೆಳಕನ್ನು ಇಂದೇ ಉರಿಸಿಬಿಡುತ್ತಾನೆ.

ಮಾರತ್ತಹಳ್ಳಿಯ ಕಡೆ ಒಂದು ಸಣ್ಣ ರಿಪೇರಿ ಅಂಗಡಿಯನ್ನಿಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಶಬ್ದರೂಪಗಳನ್ನು ಒಪ್ಪಿಸುವುದರಲ್ಲಿ ಅವನು ಎಂದೂ ಮುಂದಿರಲಿಲ್ಲ. ಆದರೆ ಬಿಚ್ಚಿದ್ದನ್ನು ಮರಳಿ ಸೇರಿಸುವುದರಲ್ಲಿ ಅವನಿಗೆ ಎಣೆಯಿಲ್ಲ. ಈಗ ಮೊಬೈಲುಗಳಿಂದಲೇ ಜೀವನ ನಡೆಸುತ್ತಿದ್ದರೂ ಟೀವಿಯ ಕಸುಬನ್ನು ಮರೆತಿಲ್ಲ. ಅವನು ಬಂದು ಪರದೆಯ ಚೌಕಟ್ಟನ್ನು ಕಳಚಿ, ಟಾರ್ಚನ್ನು ಒಂದೊಂದೇ ಲೆನ್ಸಿನ ಒಳಕ್ಕೆ ಹಿಡಿದು ನೋಡಿದನು. ಹಸಿರಿನದೂ ನೀಲಿಯದೂ ತಿಳಿಯಾಗಿದ್ದವು. ಕೆಂಪಿನದರ ಒಳಗೆ ಮಜ್ಜಿಗೆಯ ನೀರಿನಂತೆ ಬಿಳುಪು. ಅದರಲ್ಲಿ ಅಲ್ಲಲ್ಲಿ ಪಾಚಿಯಂಥ ಕಲೆ. “ಮೇಷ್ಟ್ರೇ, ಇದರ ಜೀವ ಹೋಗಿಲ್ಲ. ಕಣ್ಣಿಗೆ ಪೊರೆ ಬಂದಿದೆ, ಅಷ್ಟೆ” ಎಂದನು. ಪೊರೆ ಬಂದಿದ್ದುದು ನಿಜ, ಅಮ್ಮನಿಗಲ್ಲ, ಯಂತ್ರಕ್ಕೆ. ಹೊನ್ನಿನ ಬಣ್ಣವು ಕೆಂಪೂ ಹಸಿರೂ ಕೂಡಿ ಆಗತಕ್ಕದ್ದು. ಕೆಂಪು ಕುಂದಿದರೆ ಉಳಿಯುವುದು ಹಸಿರು. ಅಂಬಾರಿಗೆ ಕಿಲುಬು ಹಿಡಿದಿದೆಯೆಂದು ಅಮ್ಮ ಹೇಳಿದ್ದು ಅಕ್ಷರಶಃ ಸತ್ಯವಾಗಿದ್ದಿತು.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಲಿಂಗನಾಶವೆಂಬ ನೇತ್ರರೋಗಕ್ಕೆ ಶಲಾಕೆಯಿಂದ ಮಾಡುವ ಚಿಕಿತ್ಸೆಯ ವಿವರಣೆಯುಂಟು. ಮಂಜಾದ ಮಸೂರವನ್ನು ದೃಷ್ಟಿಯ ದಾರಿಯಿಂದ ಪಕ್ಕಕ್ಕೆ ಸರಿಸುವುದು ಅದರ ಉದ್ದೇಶ. ಪ್ರಾಚೀನ ವೈದ್ಯನು ಕಣ್ಣಿಗೆ ಹೊಸ ಶಕ್ತಿಯನ್ನು ತುಂಬಲಿಲ್ಲ, ಅಡ್ಡವನ್ನು ತೆಗೆದನು. ನಮ್ಮ ಶಿಷ್ಯನು ಮಾಡಹೊರಟದ್ದೂ ಅದೇ ಜಾತಿಯ ಕೆಲಸ. ಅದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆನಾದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲ ನಿಯಮ ಪ್ರಾಣಕ್ಕೆ ಸಂಬಂಧಿಸಿದ್ದು. ಈ ಟ್ಯೂಬುಗಳಿಗೆ ಸುಮಾರು ೩೦,೦೦೦ ವೋಲ್ಟಿನ ವಿದ್ಯುತ್ತು ಬೇಕು. ಪ್ಲಗ್ಗನ್ನು ಕಿತ್ತ ಮೇಲೂ ಅದರ ಶೇಷವು ಒಳಗೆ ನಿಂತಿರುತ್ತದೆ. ಅವನು ಹಿಂದಿನ ದಿನವೇ ಪ್ಲಗ್ ತೆಗೆಸಿ, ಮರುದಿನ ಬಂದು, ಶೇಷವನ್ನು ಕ್ರಮವಾಗಿ ಇಳಿಸಿದ ಮೇಲೆಯೇ ಕೈ ಹಾಕಿದನು. ಇದು ಅರಿಯದವರು ಮಾಡುವ ಕೆಲಸವಲ್ಲವೆಂದು ಒತ್ತಿ ಹೇಳುತ್ತೇನೆ.

ಎರಡನೆಯದು ಕನ್ನಡಿ. ಅದರ ಮೇಲೆ ಕೆಂಪು ಧೂಳು ಹಿಟ್ಟಿನಂತೆ ಕುಳಿತಿದ್ದಿತು. ಹೊರವರ್ತುಲ ರಸ್ತೆಯ ಧೂಳು, ಸುತ್ತಲೂ ಎದ್ದ ಕಟ್ಟಡಗಳ ಧೂಳು, ೨೦೨೧ರಿಂದೀಚೆಗೆ ಮೆಟ್ರೋ ಕಾಮಗಾರಿಯ ಧೂಳು. ಬೆಳ್ಳಂದೂರಿನ ಇಪ್ಪತ್ತು ವರ್ಷದ ಚರಿತ್ರೆಯೇ ಅಲ್ಲಿ ಪದರಪದರವಾಗಿದ್ದಿತು. ಮುಖ ನೋಡುವ ಕನ್ನಡಿಯಲ್ಲಿ ಬೆಳ್ಳಿಯ ಲೇಪ ಗಾಜಿನ ಹಿಂದಿರುತ್ತದೆ. ಇದರಲ್ಲಿ ಮುಂದೆಯೇ ಇದೆ. ಬೂದಿ ಹಾಕಿ ತಿಕ್ಕಿದರೆ ಕನ್ನಡಿಯೇ ಹೋಗಿಬಿಡುತ್ತದೆ. ಅಜ್ಜಿಯ ತತ್ತ್ವವನ್ನು ಇಟ್ಟುಕೊಳ್ಳಬೇಕು, ಬೂದಿಯನ್ನು ಬಿಡಬೇಕು. ಅವನು ಒಂಟೆಯ ಕೂದಲಿನ ಮೃದುವಾದ ಕುಂಚದಿಂದ ಧೂಳನ್ನು ಇಳಿಸಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ನಯವಾದ ಬಟ್ಟೆಯನ್ನು ಹಿಂಡಿ, ಒತ್ತದೆ, ಒಂದೇ ದಿಕ್ಕಿನಲ್ಲಿ ಎಳೆದನು. ಲೆನ್ಸುಗಳ ಮೇಲ್ಮೈಗೂ ಅದೇ ಉಪಚಾರವಾಯಿತು.

ಮೂರನೆಯದು ದ್ರವ. ಕೆಂಪಿನ ಟ್ಯೂಬನ್ನು ಲೆನ್ಸಿನೊಡನೆ ಹೊರತೆಗೆದು, ಕೂತಿದ್ದ ಜಾಗಕ್ಕೆ ಗುರುತು ಮಾಡಿಟ್ಟು, ಸ್ಕ್ರೂಗಳನ್ನು ಕಳಚಿ ಹಳೆಯ ದ್ರವವನ್ನು ಒಂದು ಬಾಟಲಿಗೆ ಬಗ್ಗಿಸಿದನು. ಇದರಲ್ಲಿರುವುದು ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ, ಆದರೆ ಮೂತ್ರಪಿಂಡಗಳನ್ನು ಕೆಡಿಸುವ ವಿಷ. ಬೆಕ್ಕು ನಾಯಿಗಳಿಗೂ ಮಕ್ಕಳಿಗೂ ಎಟುಕದಂತೆ ಕೂಡಲೇ ಮುಚ್ಚಿಟ್ಟನು. ಗಾಜುಗಳನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ, ಒಣಗಿಸಿದನು. ಹೊಸ ದ್ರವವನ್ನು ಎಸ್.ಪಿ. ರಸ್ತೆಯಿಂದ ತಂದಿದ್ದನು. ಕಾರಿಗೆ ಹಾಕುವ ಕೂಲೆಂಟಿನಿಂದ ಆಗದೆ ಎಂದು ಕೇಳಿದೆ. “ಅದಕ್ಕೆ ಬಣ್ಣ ಇರುತ್ತೆ ಮೇಷ್ಟ್ರೇ. ಹಸಿರು ಕನ್ನಡಕ ಹಾಕಿದ ಹಾಗಾಗುತ್ತೆ” ಎಂದನು. ಗುಳ್ಳೆ ನಿಲ್ಲದಂತೆ ನಿಧಾನವಾಗಿ ತುಂಬಿ, ಕಾದಾಗ ಹಿಗ್ಗುವುದಕ್ಕೆ ಬೇಕಾದಷ್ಟು ಎಡೆಯನ್ನು ಬಿಟ್ಟು, ರಬ್ಬರಿನ ಉಂಗುರವನ್ನು ಸರಿಯಾಗಿ ಕೂರಿಸಿ ಬಿಗಿದನು. ಆ ರಾತ್ರಿ ಅದನ್ನು ವೃತ್ತಪತ್ರಿಕೆಯ ಮೇಲೆ ಮಲಗಿಸಿಟ್ಟೆವು; ಒಂದು ಹನಿ ಸೋರಿದರೂ ಕೆಳಗಿನ ಬೋರ್ಡುಗಳು ಸುಟ್ಟುಹೋಗುವುವು. ಬೆಳಿಗ್ಗೆ ಕಾಗದ ಒಣಗಿದ್ದಿತು.

ನಾಲ್ಕನೆಯದು ಮೂರು ಬಣ್ಣಗಳ ಸಂಧಾನ. ಪರದೆಯ ಮೇಲೆ ಬಲೆಯಂಥ ಗೆರೆಗಳನ್ನು ತರಿಸಿ, ಹಸಿರನ್ನು ಸ್ಥಿರವಾಗಿಟ್ಟುಕೊಂಡು, ಕೆಂಪು ಗೆರೆಗಳೂ ನೀಲಿ ಗೆರೆಗಳೂ ಅದರ ಮೇಲೆ ಕೂಡುವಂತೆ ಮೂಲೆಮೂಲೆಯನ್ನೂ ಸರಿಸುತ್ತ ಎರಡು ಗಂಟೆ ಕಳೆದನು. ಇದಕ್ಕೆ ಅವರು ಕನ್ವರ್ಜೆನ್ಸ್ ಎನ್ನುತ್ತಾರೆ. ಕೂಡಿದೆಡೆಯಲ್ಲಿ ಮೂರು ಗೆರೆಗಳೂ ತಮ್ಮ ತಮ್ಮ ಬಣ್ಣವನ್ನು ಬಿಟ್ಟು ಬೆಳ್ಳಗಾಗುವುದನ್ನು ನೋಡುವುದು ಸಂಧಿಕಾರ್ಯವನ್ನು ಮೆಚ್ಚುವ ವ್ಯಾಕರಣದವನಿಗೆ ಒಂದು ಆನಂದ. ಕಟ್ಟಕಡೆಗೆ ಅವನು ಕಾಂಟ್ರಾಸ್ಟನ್ನು ಅರ್ಧಕ್ಕೆ ಇಳಿಸಿದನು. ಇಳಿಸಿದ ಮೇಲೆಯೂ ಚಿತ್ರವು ನಿನ್ನೆಗಿಂತ ಕಣ್ಣಿಗೆ ಕಟ್ಟುವಷ್ಟು ಹೆಚ್ಚು ಬೆಳಕಾಗಿದ್ದಿತು.

ಇದು ಹೇಗೆಂಬುದನ್ನು ಹೈಸ್ಕೂಲಿನ ಗಣಿತದಿಂದಲೇ ತಿಳಿಯಬಹುದು. ಬೆಳಕು ಟ್ಯೂಬಿನಿಂದ ಕಣ್ಣಿಗೆ ಬರುವ ದಾರಿಯಲ್ಲಿ ಐದು ಕಡೆ ಮಾಸಲು ಗಾಜನ್ನು ಹಾಯಬೇಕೆಂದೂ, ಪ್ರತಿಯೊಂದು ಕಡೆಯಲ್ಲಿಯೂ ಹತ್ತನೆಯ ಒಂದು ಪಾಲು ಮಾತ್ರ ನಷ್ಟವಾಗುವುದೆಂದೂ ಭಾವಿಸೋಣ. ನೂರು ತೊಂಬತ್ತಾಗುತ್ತದೆ, ತೊಂಬತ್ತು ಎಂಬತ್ತೊಂದಾಗುತ್ತದೆ, ಹೀಗೆ ಐದನೆಯ ಕಡೆ ದಾಟುವಾಗ ೫೯ ಉಳಿಯುತ್ತದೆ. ಯಾವ ಒಂದು ಗಾಜನ್ನು ಹಿಡಿದು ನೋಡಿದರೂ ಇಷ್ಟು ಧೂಳಿನಿಂದ ಏನಾದೀತು ಎಂದೇ ತೋರುವುದು. ಅಪರಾಧವು ಯಾರೊಬ್ಬರದೂ ಅಲ್ಲ; ನಷ್ಟವು ಮಾತ್ರ ನೂರಕ್ಕೆ ೪೧.

ಯಥಾರ್ಥವನ್ನು ಹೇಳಬೇಕಾದರೆ ಎಲ್ಲವೂ ಮರಳಿ ಬರಲಿಲ್ಲ. ರಂಜಕದ ಲೇಪ ಸವೆದಷ್ಟು ಸವೆದದ್ದೇ. ಯಾವ ಕುಂಚವೂ ಅದನ್ನು ಮರಳಿ ಬಳಿಯಲಾರದು. ಬಲಗಡೆಯ ಮೇಲ್ಮೂಲೆಯಲ್ಲಿ ವಾಹಿನಿಯೊಂದರ ಮುದ್ರೆ ಸುಟ್ಟ ಗುರುತಿನಂತೆ ಉಳಿದುಕೊಂಡಿದೆ. ಒಟ್ಟು ವೆಚ್ಚ ಮೂರು ಸಾವಿರದ ಇನ್ನೂರು ರೂಪಾಯಿ. ಗುಜರಿಯವನು ಇಡೀ ಪೆಟ್ಟಿಗೆಗೆ ನಾನೂರು ಕೊಡುತ್ತೇನೆಂದಿದ್ದನು. ವ್ಯಾಪಾರದ ದೃಷ್ಟಿಯಿಂದ ನೋಡುವವರಿಗೆ ನಮ್ಮದು ಬುದ್ಧಿವಂತಿಕೆಯ ಕೆಲಸವಲ್ಲ.

ಮಗನ ಆಕ್ಷೇಪಣೆಗಳಲ್ಲಿಯೂ ಸತ್ಯವುಂಟು. ಹೊಸ ಟೀವಿ ಗೋಡೆಗೆ ಪಟದಂತೆ ಅಂಟಿಕೊಳ್ಳುತ್ತದೆ, ಕಡಮೆ ವಿದ್ಯುತ್ತನ್ನು ತಿನ್ನುತ್ತದೆ, ಚಿತ್ರವೂ ಹೆಚ್ಚು ಸ್ಫುಟ. ಈ ಹಿಂಬೆಳಕಿನ ಜಾತಿಯ ಯಂತ್ರಗಳ ವಂಶವೇ ಮುಗಿದುಹೋಗಿದೆ. ಕೊನೆಯವರೆಗೂ ಅದನ್ನು ತಯಾರಿಸುತ್ತಿದ್ದ ಜಪಾನಿನ ಮಿತ್ಸುಬಿಷಿಯವರು ೨೦೧೨ರ ಕೊನೆಯಲ್ಲಿ ಕೈಬಿಟ್ಟರು. ಇನ್ನೊಂದು ಸಲ ಟ್ಯೂಬೇ ಹೋದರೆ ಬೇರೆ ಟ್ಯೂಬು ಸಿಕ್ಕುವುದಿಲ್ಲ. ಅಂದು ಈ ಪೆಟ್ಟಿಗೆಯನ್ನು ಬೀದಿಯ ಗುಜರಿಗೆ ಹಾಕದೆ ವಿದ್ಯುನ್ಮಾನ ತ್ಯಾಜ್ಯವನ್ನು ಕ್ರಮವಾಗಿ ಬಿಡಿಸುವವರಿಗೆ ಒಪ್ಪಿಸಬೇಕೆಂದು ನಾನೂ ಅವನೂ ಒಪ್ಪಿಕೊಂಡಿದ್ದೇವೆ. ಪಿಕ್ಚರ್ ಟ್ಯೂಬುಗಳ ಗಾಜಿನಲ್ಲಿ ಸೀಸವಿರುತ್ತದೆ. ಒಡೆದು ಎಸೆದರೆ ಅದು ಕಡೆಗೆ ಸೇರುವುದು ನೆಲಕ್ಕೆ, ಅಲ್ಲಿಂದ ನೀರಿಗೆ.

ನೀರೆಂದ ಕೂಡಲೆ ನಮ್ಮ ಊರಿನವರಿಗೆ ಒಂದು ನೋವು 
ನೆನಪಾಗುತ್ತದೆ. ಸುಮಾರು ೯೦೦ ಎಕರೆಯ ಬೆಳ್ಳಂದೂರು ಕೆರೆ ಬೆಂಗಳೂರಿನ ಕೆರೆಗಳಲ್ಲೆಲ್ಲ ದೊಡ್ಡದು. ನನ್ನ ಬಾಲ್ಯದಲ್ಲಿ ಅದರ ಮೇಲೆ ಸೂರ್ಯಾಸ್ತವು ಕನ್ನಡಿಯಲ್ಲಿ ಬಿದ್ದಂತೆ ಬೀಳುತ್ತಿದ್ದಿತು. ನಗರದ ಕೊಳಚೆ ರಾಜಕಾಲುವೆಗಳ ಮೂಲಕ ಹರಿದು ಬಂದು ಅದು ನೊರೆಗಟ್ಟಿತು. ೨೦೧೫ರಲ್ಲಿಯೂ ೨೦೧೭ರಲ್ಲಿಯೂ ೨೦೧೮ರಲ್ಲಿಯೂ ಕೆರೆಯ ಮೇಲೆ ಬೆಂಕಿ ಎದ್ದುದನ್ನು ಲೋಕವೆಲ್ಲವೂ ಕಂಡಿತು. ಕೆರೆಯೇ ಸತ್ತಿತೆಂದವರುಂಟು. ಆದರೆ ಕೆಟ್ಟದ್ದು ಕೆರೆಯಲ್ಲ, ಅದಕ್ಕೆ ನೀರು ಬರುವ ದಾರಿ. ದಂಡೆಗೆ ದೀಪಗಳನ್ನು ಹಾಕುವುದರಿಂದ ಅದು ಹೊಳೆಯಲಾರದು. ಬರುವ ನೀರನ್ನು ಶುದ್ಧಿ ಮಾಡಿ, ನಿಂತ ಹೂಳನ್ನು ಎತ್ತಿದರೆ ಮಾತ್ರ ಹೊಳೆದೀತು. ನಡುಮನೆಯ ಪೆಟ್ಟಿಗೆಯಲ್ಲಿ ಕಂಡ ನ್ಯಾಯವೇ ಅಲ್ಲಿಯೂ ಸಲ್ಲುತ್ತದೆ.

ಶಾಲೆಯಲ್ಲಿಯೂ ಇದನ್ನು ಕಂಡಿದ್ದೇನೆ. ನಮ್ಮಲ್ಲಿ ಒಬ್ಬ ಹುಡುಗನಿದ್ದನು. ಕರಿಹಲಗೆಯ ಮೇಲೆ ಬರೆದುದನ್ನು ತಪ್ಪು ತಪ್ಪಾಗಿ ಎತ್ತಿಕೊಳ್ಳುತ್ತಿದ್ದನು. ಮಂದಬುದ್ಧಿಯೆಂಬ ಬಿರುದು ಅವನಿಗೆ ಸ್ಥಿರವಾಯಿತು. ಒಬ್ಬರು ಸ್ವರವನ್ನು ಏರಿಸಿದರು, ಇನ್ನೊಬ್ಬರು ಬೆತ್ತವನ್ನು ಎತ್ತಿದರು. ಹಿರಿಯ ಉಪಾಧ್ಯಾಯರೊಬ್ಬರು ಮಾತ್ರ ಅವನನ್ನು ಹಿಂದಿನ ಬೆಂಚಿನಿಂದ ಎಬ್ಬಿಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ತಂದೆಯನ್ನು ಕರೆಸಿ ಕನ್ನಡಕ ಕೊಡಿಸಿದರು. ಅದೇ ಬುದ್ಧಿ, ಅದೇ ಪಾಠ. ವರ್ಷಾಂತ್ಯಕ್ಕೆ ಅವನ ಬರವಣಿಗೆಯಲ್ಲಿ ತಪ್ಪು ಹುಡುಕಬೇಕಾದ ಸ್ಥಿತಿ ಬಂದಿತು. ಬೆಳಕು ಇದ್ದೂ ಕಾಣದಿರುವಲ್ಲಿ ಉರಿಯನ್ನು ನಿಂದಿಸುವವರು ಬಹು ಮಂದಿ. ಗಾಜನ್ನು ಎತ್ತಿ ನೋಡುವವರು ವಿರಳ.

ಅಮ್ಮನ ವಿಚಾರ ಹೇಳುವುದು ಉಳಿದಿದೆ. ದುರಸ್ತಿಯಾದ ಸಂಜೆ ಯಾರೂ ಅವರಿಗೆ ಏನನ್ನೂ ಹೇಳಲಿಲ್ಲ. ಟೀವಿಯಲ್ಲಿ ಯಾವುದೋ ಮದುವೆಯ ದೃಶ್ಯ ಬರುತ್ತಿದ್ದಿತು. ಅವರು ನೋಡುತ್ತ ಇದ್ದು, ಹುಡುಗಿಯ ಸೀರೆ ಅರಿಸಿನದ ಬಣ್ಣದ್ದು, ಅಂಚು ಕುಂಕುಮದ ಬಣ್ಣದ್ದು, ಚೆನ್ನಾಗಿದೆ ಎಂದರು. ಮೊಮ್ಮಗನೇ ಮುಂದೆ ಬಂದು, “ಮುತ್ತಜ್ಜಿ, ನೀನು ಹೇಳಿದ್ದು ಸರಿ. ಟೀವಿಗೇ ಪೊರೆ ಬಂದಿತ್ತು” ಎಂದನು. “ನಾನು ಹೇಳಲಿಲ್ಲವೆ?” ಎಂದು ಅಷ್ಟೇ ಹೇಳಿ ಸುಮ್ಮನಾದರು. ನಾಲ್ಕು ದಿನಗಳಾದ ಮೇಲೆ ಅಂಗಡಿಯಿಂದ ಬಂದ ಹೂವಿನ ಮಾಲೆಯನ್ನು ಕೈಗೆತ್ತಿಕೊಂಡು, ಕಟ್ಟು ಸಡಿಲವಾಗಿದೆಯೆಂದು ಬೈದು, ನಾಳೆಯಿಂದ ಬಿಡಿ ಹೂವನ್ನೇ ತರಬೇಕೆಂದು ಆಜ್ಞೆಮಾಡಿದರು. ರಂಗೋಲಿಯನ್ನು ಮಾತ್ರ ಸೊಸೆಗೇ ಬಿಟ್ಟಿದ್ದಾರೆ. ಅದಕ್ಕೆ ಕಾರಣ ಕಣ್ಣಲ್ಲ, ಮೊಣಕಾಲು. ಮೊಣಕಾಲಿನ ನೋವಿಗೆ ನಮ್ಮ ಶಿಷ್ಯನ ಬಳಿಯೂ ಮದ್ದಿಲ್ಲ.

ವಾಚಕರ ಮನೆಗಳಲ್ಲಿಯೂ ಮಂಕಾದ ವಸ್ತುಗಳಿರಬಹುದು. ಮಂಕಾಗಿದೆಯೆಂದು ಹೇಳುವ ವೃದ್ಧರೂ ಇರಬಹುದು. ವಸ್ತುವನ್ನು ಹೊರಹಾಕುವುದಕ್ಕೆ ಮುಂಚೆ ತಿಳಿದವರಿಂದ ಒಮ್ಮೆ ಬಿಚ್ಚಿಸಿ ನೋಡಬೇಕೆಂದೂ, ವೃದ್ಧರ ಮಾತನ್ನು ನಗೆಗೆ ಬಿಡುವುದಕ್ಕೆ ಮುಂಚೆ ಒಮ್ಮೆ ಪರೀಕ್ಷಿಸಿ ನೋಡಬೇಕೆಂದೂ ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.